ಹಣೆಯ ಮೇಲೆ ಗಡ್ಡ

ಕಿವಿಯ ಹಿಂದಿನಿಂದ ತಣ್ಣಗೆ ಏನೋ ಇಳಿಯುತ್ತಿದೆ, ಒರೆಸೋಣವೆಂದರೆ ಎರಡು ಕೈಯೂ ಈ ಬಿಳಿ ಬಟ್ಟೆಯೊಳಗೆ, ಇದ್ರಿಸ್ ಕತ್ತಿನ ಸುತ್ತ ಬಿಗಿದು ಪಿನ್ನು ಹಾಕಿಬಿಟ್ಟಿದ್ದಾನೆ, ಮೂಗಿಗೆ ಕುರಿ ಕೊಟ್ಟಿಗೆಯ ವಾಸನೆ, ಈ ಬಣ್ಣಕ್ಕೆ ಏನು ಬೆರೆಸುತ್ತಾರೋ, ಕಣ್ಣಲ್ಲಿ ನೀರು — ಅಳುತ್ತಿಲ್ಲ ನಾನು, ವಾಸನೆಗೆ ಬಂದ ನೀರು ಅದು — ಅಲ್ಲಾಡ್ಬೇಡ ಅಣ್ಣ, ಹಣೆಗಿಳಿದ್ರೆ ಕಲೆ ಹೋಗಲ್ಲ, ಅಲ್ಲಾಡ್ತಿಲ್ವೋ ಮಾರಾಯ, ಇನ್ನೂ ಎಷ್ಟು ಹೊತ್ತು ಅಂದರೆ, ಗಡ್ಡದ ಕೂದ್ಲು ಬಣ್ಣ ಕುಡಿಯೋದು ನಿಧಾನ ಅಣ್ಣ, ಈಗ್ಲೇ ತೊಳೆದ್ರೆ ಬದನೆಕಾಯಿ ಆಗತ್ತೆ, ಆಮೇಲೆ ನನ್ನ ಬೈಬೇಡ. ಬೈಯದೆ ಇನ್ನೇನು, ಇಡೀ ಬೈರಾಮ್‌ಪಾಶಾ ಬಡಾವಣೆಯಲ್ಲಿ ನಾನು ಬೈಯದ ಕ್ಷೌರಿಕ ಇವನೊಬ್ಬನೇ ಉಳಿದಿದ್ದ, ಇವತ್ತು ಇವನದೂ ಆಗುತ್ತದೆ. ಕನ್ನಡಿಯಲ್ಲಿ ಒಬ್ಬ ಮುದುಕ, ತಲೆಗೆ ಟಾರು ಬಳಿದ ಹಾಗೆ, ಗದ್ದದ ಕೆಳಗೆ ಹುಳ ತಿಂದ ಹುಲ್ಲುಗಾವಲಿನ ಹಾಗೆ ಬೋಳು ಬೋಳು ಮಚ್ಚೆ, ಅಲ್ಲಿಂದಲೇ ಅಲ್ಲವೇ ಕಿತ್ತದ್ದು, ಅಲ್ಲಿಂದ ಕಿತ್ತು ಇಲ್ಲಿ ನೆಟ್ಟದ್ದು, ನಾಟಿ ಮಾಡಿದವರ ಕೈ ಮುರಿಯ.

ನಾಟಿ ಮಾಡಿದವರನ್ನೇನು ಬೈಯುವುದು, ಅವರ ವ್ಯಾನು ಓಡಿಸಿ ಉಣ್ಣುವವನು ನಾನೇ, ವಿಮಾನ ನಿಲ್ದಾಣದಿಂದ ಕೂದಲು ನೆಡುವ ಆಸ್ಪತ್ರೆಗೆ, ಆಸ್ಪತ್ರೆಯಿಂದ ಹೋಟೆಲಿಗೆ, ತಲೆಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೂತ ಜರ್ಮನರು, ಸ್ಪೇನಿನವರು, ಅರಬರು, ಮತ್ತೆ ಬರುವಾಗ ಅವರ ತಲೆ ನೋಡಬೇಕು, ರೇಷ್ಮೆ, ಗಾಳಿ ಬಂದರೆ ಹಾರುತ್ತದೆ, ಕೈಯಲ್ಲಿ ಹಿಂದಕ್ಕೆ ತಳ್ಳಿಕೊಳ್ಳುತ್ತಾರೆ — ಆ ತಳ್ಳಿಕೊಳ್ಳುವುದನ್ನು ಕನ್ನಡಿಯಲ್ಲಿ ನೋಡೀ ನೋಡೀ ನನಗೂ ಆಸೆ ಹುಟ್ಟಿತು, ಅದೂ ನಿಜ, ನನ್ನ ಹೆಂಡತಿಯಾಗಿದ್ದವಳನ್ನು ಕಟ್ಟಿಕೊಂಡ ಸೆಲಾಮಿಯ ತಲೆ ನೋಡಿ ಹುಟ್ಟಿತು ಅನ್ನುವುದು ಇನ್ನೂ ನಿಜ. ಹೊಸ ಹುಡುಗಿಯರಿಗೆ ಕೆಲಸ ಕಲಿಸುವ ಭಾನುವಾರ, ಆಸ್ಪತ್ರೆಯ ಯೆಲಿಜ್ ಮೇಡಂ ಬಾಗಿಲಿಗೆ ಬಂದು, ನೆಜ್ದೆತ್ ಅಣ್ಣ, ಇವತ್ತು ಒಂದು ತಲೆ ಬೇಕು, ನೀನೇ ಕೂತ್ಕೋ, ಪುಕ್ಕಟೆ. ಕೂತೆ. ಡಾಕ್ಟರು ಬಂದು ಪೆನ್ನಿನಲ್ಲಿ ಹಣೆಯ ಮೇಲೆ ಒಂದು ಗೆರೆ ಎಳೆದು ಹೋದ, ಮುಖ ಸಹ ನೋಡಲಿಲ್ಲ. ಹಿಂದಲೆಯಲ್ಲಿ ಸಾಲಲ್ಲ ಅಣ್ಣ, ತೆಳ್ಳಗಿದೆ, ಗದ್ದದ ಕೆಳಗಿಂದ ತಗೋತೀವಿ ಅಂದಳು ಮೇಡಂ. ಡ್ರೈವರುಗಳು ದಿನಾ ನುಣ್ಣಗೆ ಬೋಳಿಸಿಕೊಂಡು ಬರಬೇಕು ಅನ್ನುವ ನಿಯಮ ಅವರದೇ, ಹಾಗಾಗಿ ನನ್ನ ಗಡ್ಡದ ಬಣ್ಣ ಯಾವುದು ಅಂತ ಅಲ್ಲಿ ಒಬ್ಬರಿಗೂ ಗೊತ್ತಿಲ್ಲ. ನನಗೆ ಗೊತ್ತಿತ್ತು. ನಮ್ಮ ಊರ ಗಂಡಸರೆಲ್ಲ ಹಾಗೇ, ತಲೆ ಕಪ್ಪು, ಗಡ್ಡ ಕೆಂಪು, ಬೆಟ್ಟದ ಮೇಕೆಗಳ ಹಾಗೆ. ನೆಟ್ಟ ಮೇಲೆ ಸರಿ ಹೋಗತ್ತೆ ಅಂದುಕೊಂಡೆ, ಮಣ್ಣು ಬದಲಾದರೆ ಗಿಡದ ಗುಣ ಬದಲಾಗುತ್ತದೆ, ಕಣಿವೆಯ ಮೆಣಸಿನ ಸಸಿ ನಮ್ಮ ಮೇಲಿನ ಹೊಲಕ್ಕೆ ತಂದರೆ ಖಾರವೇ ಬರುತ್ತಿರಲಿಲ್ಲ, ಹಾಗೇ ತಲೆಯ ಮಣ್ಣಿಗೆ ಹೋದರೆ ತಲೆಯ ಬಣ್ಣ ಹಿಡಿಯುತ್ತದೆ, ಬೇರೆ ಏನು ಯೋಚಿಸಬೇಕಿತ್ತು, ಹಳ್ಳಿ ಶಾಲೆಯ ಮೇಷ್ಟ್ರು ಕೂದಲಿನ ಪಾಠ ಹೇಳಿಕೊಟ್ಟಿದ್ದರೇ.

ಮೊದಲು ಎಲ್ಲಾ ಉದುರಿತು, ದಿಂಬಿನ ಮೇಲೆ, ಸ್ಟಿಯರಿಂಗ್ ಮೇಲೆ, ಉದುರೋದೇ ಅಣ್ಣ, ಬೇರು ಒಳಗಿರತ್ತೆ ಅಂದಳು ಮೇಡಂ. ಸರಿ. ಆಮೇಲೆ ಬಂತು. ಬಂದದ್ದು ತಂತಿ. ಮುಟ್ಟಿದರೆ ಪಾತ್ರೆ ಉಜ್ಜುವ ನಾರು, ಒಂದೊಂದೂ ಒಂದೊಂದು ಕಡೆಗೆ ಸುರುಳಿ, ತುಕ್ಕಿನ ಕೆಂಪು, ನಡುನಡುವೆ ದಪ್ಪ ಬಿಳಿ ಎಳೆ, ಹಿಂದೆ ನೇರ ಕಪ್ಪು ಕೂದಲು ಸುಮ್ಮನೆ ಮಲಗಿದ್ದರೆ ಮುಂದೆ ಇದು ಜಗಳಕ್ಕೆ ನಿಂತ ಹಾಗೆ. ಯೆಲಿಜ್ ಮೇಡಂ ಹತ್ತಿರ ಹೋದರೆ, ಮೊದಮೊದ್ಲು ಒರಟಾಗೇ ಬರತ್ತೆ ಅಣ್ಣ, ಒಂದು ವರ್ಷ ಕಾಯಿ, ಮೆತ್ತಗಾಗತ್ತೆ. ವರ್ಷ ಕಳೆದು ಮತ್ತೆ ಹೋದರೆ, ತಲೆಯಿಂದ ತಲೆಗೆ ಹಾಕಿದ್ರೆ ಆಗತ್ತೆ, ಇದು ಗಡ್ಡ, ಇದು ತಾನು ಹುಟ್ಟಿದ ಜಾಗ ಮರೆಯಲ್ಲ. ಅದನ್ನು ಮೊದಲೇ ಹೇಳೋಕೆ ನಿನಗೇನು ಬಾಯಿಗೆ ಲಕ್ವ ಹೊಡೆದಿತ್ತಾ ಅಂದೆ, ಕಾಯುತ್ತಿದ್ದ ಅರಬರೆಲ್ಲ ತಿರುಗಿ ನೋಡಿದರು. ಚಹಾದಂಗಡಿಯಲ್ಲಂತೂ ಹಬ್ಬ. ಸೂಪು ಕುಡಿದ್ಮೇಲೆ ಹಣೆ ಒರೆಸ್ಕೊಳ್ಳೋ ನೆಜ್ದೆತ್. ಬಾಯಿ ಎಲ್ಲಪ್ಪ, ನೆತ್ತಿ ಮೇಲಾ, ಅಲ್ಲಿಗೇ ಸಕ್ಕರೆ ಹಾಕ್ಲಾ. ಮೇಜು ಮಗುಚಿ ಎದ್ದು ಬಂದೆ, ಅವತ್ತಿನಿಂದ ಆ ಕಡೆಗೇ ಹೋಗಿಲ್ಲ.

ಸೆಲಾಮಿ ನಗಲಿಲ್ಲ. ಅವನು ನಕ್ಕಿದ್ದರೆ ಎಷ್ಟೋ ವಾಸಿ, ಒಂದು ಬಾರಿಸಬಹುದಿತ್ತು. ಮಗಳ ನಿಶ್ಚಿತಾರ್ಥದ ದಿನ ಬಾಗಿಲಲ್ಲೇ ಕೈಕುಲುಕಿ, ಬನ್ನಿ ನೆಜ್ದೆತ್ ಸಾಹೇಬ್ರೇ, ಚೆನ್ನಾಗಿ ಕಾಣ್ತೀರ ಅಂದ, ಅವನ ತಲೆ ಹಾಲಿನ ಕೆನೆ, ಹಿಂದಕ್ಕೆ ಬಾಚಿದ್ದು, ವಯಸ್ಸಿನಲ್ಲಿ ನನಗಿಂತ ಹಿರಿಯ, ಅವನ ಆ ತಲೆ ನೋಡಿಕೊಂಡೇ ಮುಜ್ಗಾನ್ ನನ್ನ ಬಿಟ್ಟು ಹೋಗಿ ಅವನನ್ನು ಕಟ್ಟಿಕೊಂಡಳು ಅಂತ ನಾನು ಹೇಳುತ್ತೇನೆ, ಅವಳು ಹೇಳುವುದು ಬೇರೆ, ನಿನ್ನ ಬಾಯಿ ತಡೆಯೋಕಾಗ್ದೆ ಹೋದೆ ಅನ್ನುತ್ತಾಳೆ. ಎಲ್ವಾನ್‌ಗೆ ಆಗ ಎಂಟು ವರ್ಷ. ಈಗ ಮದುವೆ. ಮನೆಯಿಂದ ಹೊರಡುವ ಮುಂಚೆ ಹೆಣ್ಣಿನ ನಡುವಿಗೆ ಕೆಂಪು ಪಟ್ಟಿ ಕಟ್ಟುವವರು ಯಾರು ಅಂತ ಮಾತು ಬಂದಾಗ ಮುಜ್ಗಾನ್, ಸಾಕಿದವ್ರೇ ಕಟ್ಟಲಿ, ಹೋಂವರ್ಕ್ ಮಾಡಿಸ್ದೋರು, ಜ್ವರ ಬಂದಾಗ ಎದ್ದು ಕೂತೋರು ಅವ್ರೇ ಅಂದಳು, ನಾನು ಬಾಯಿ ತೆಗೆಯುವ ಮೊದಲೇ ನನ್ನ ಮಗಳು, ಅಮ್ಮ ಸುಮ್ನಿರು, ನಮ್ಮಪ್ಪ ಬದುಕಿದಾನೆ, ನಮ್ಮಪ್ಪಾನೇ ಕಟ್ತಾನೆ. ನಮ್ಮಪ್ಪ ಅಂದಳು. ಅಷ್ಟು ಜನರ ಮುಂದೆ. ಆಮೇಲಿಂದ ವ್ಯಾನಿನಲ್ಲಿ ಗಿರಾಕಿಗೆ ಕಾಯುವಾಗೆಲ್ಲ ಮುಂದಿನ ಸೀಟಿನ ಬೆನ್ನಿಗೆ ಟವೆಲು ಸುತ್ತಿ ಅಭ್ಯಾಸ ಮಾಡಿದ್ದೇನೆ, ಒಂದು ಸುತ್ತು ಸುತ್ತಿ ಬಿಚ್ಚಬೇಕು, ಎರಡನೆಯದೂ ಸುತ್ತಿ ಬಿಚ್ಚಬೇಕು, ಮೂರನೆಯದಕ್ಕೆ ಗಂಟು, ಮೃದುವಾಗಿ, ಹೆಣ್ಣಿಗೆ ಉಸಿರು ಕಟ್ಟಬಾರದು, ಸಡಿಲವೂ ಆಗಬಾರದು, ಹಣೆಗೆ ಮುತ್ತಿಡಬೇಕು. ಎಲ್ಲಾ ಬರುತ್ತದೆ. ನಿನ್ನೆ ಸಂಜೆ ಫೋನಿನಲ್ಲಿ ಅವಳು — ಅಪ್ಪ, ಫೋಟೋದವ್ರು ಬರ್ತಾರೆ, ಬೇಜಾರ್ ಮಾಡ್ಕೋಬೇಡ, ಒಂದು ಟೋಪಿ ಹಾಕ್ಕೊಂಡು ಬಾ, ಸೂಟಿಗೆ ಒಪ್ಪೋ ಥರದ್ದು, ಯಾರಾದ್ರೂ ಏನಾದ್ರೂ ಅಂದು ನೀನು ಕೈ ಎತ್ತಿ ಗಲಾಟೆ ಆಗೋದು ಬೇಡ ಅಂತ. ಟೋಪಿ. ಸೂಟಿನ ಮೇಲೆ ಟೋಪಿ ಹಾಕಿಕೊಂಡು ಕುರಿ ಮಾರಲು ಬಂದವನ ಹಾಗೆ ಸೆಲಾಮಿಯ ಪಕ್ಕದಲ್ಲಿ ನಿಲ್ಲಬೇಕೇ ನಾನು. ಅದಕ್ಕೇ ಬೆಳಿಗ್ಗೆ ಇಲ್ಲಿಗೆ, ಇದ್ರಿಸ್, ಕಪ್ಪು ಮಾಡು, ಹಿಂದಿನ ಕೂದಲು ಹೇಗಿದೆಯೋ ಹಾಗೆ, ಮಧ್ಯಾಹ್ನದ ನಮಾಜ್ ಮುಗಿದ ಮೇಲೆ ಗಂಡಿನ ಕಡೆಯವರು ಬರೋದು, ಬೇಕಾದಷ್ಟು ಹೊತ್ತಿದೆ.

ಕೋಟಿನಲ್ಲಿ ಫೋನು ಹೊಡೆದುಕೊಳ್ಳುತ್ತಿದೆ, ಬಾಗಿಲ ಹತ್ತಿರ ಮೊಳೆಗೆ ನೇತುಹಾಕಿದ ಕೋಟು, ತಂದ್ಕೊಡ್ಲಾ ಅಣ್ಣ, ಬಿಡೋ, ಆಸ್ಪತ್ರೆಯವರದು, ಮಗಳ ಮದುವೆಗೂ ರಜೆ ಕೊಡದ ಜನ, ಯಾವನೋ ಬೋಳುತಲೆ ನಿಲ್ದಾಣದಲ್ಲಿ ನಿಂತಿರ್ತಾನೆ, ನಿಂತಿರ್ಲಿ. ನಿಂತಿತು. ಮತ್ತೆ ಹೊಡೆದುಕೊಂಡಿತು, ಬಡ್ಕೊಳ್ಳಲಿ, ಮತ್ತೆ ನಿಂತಿತು, ಮತ್ತೆ — ಚಹಾ ತಣ್ಣಗಾಗಿದೆ, ತಲೆ ಉರಿಯುತ್ತಿದೆ, ಉರಿಯೋದು ಒಳ್ಳೇದು ಅಣ್ಣ, ಹಿಡೀತಿದೆ ಅಂತ, ನಿನಗೆ ಹಚ್ಚಿದ್ರೆ ಗೊತ್ತಾಗ್ತಿತ್ತು ಒಳ್ಳೇದು ಯಾವ್ದು ಅಂತ — ಇದೇನು, ಡೋಲು. ಎಲ್ಲೋ ಬೇರೆ ಮದುವೆ. ಭಾನುವಾರ ಅಲ್ಲವೇ, ಬೀದಿಗೊಂದು. ಜುರ್ನಾ ಊದುತ್ತಿದ್ದಾನೆ, ಕಿವಿ ಸೀಳುವ ಹಾಗೆ, ನಮಾಜಿನ ಕರೆಯೇ ಆಗಿಲ್ಲ ಇನ್ನೂ. ಇದ್ರಿಸ್ ಬಾಗಿಲಿಗೆ ಹೋಗಿ ನೋಡುತ್ತಾನೆ, ಕಾರುಗಳಿಗೆ ಮದುವೆ ಟವೆಲ್ ಕಟ್ಕೊಂಡು ಬಂದಿದಾರೆ ಅಣ್ಣ, ಉದ್ದಕ್ಕೆ ನಿಂತಿವೆ, ಮುಜ್ಗಾನಕ್ಕನ ಮನೆ ಸಂದಿಗೇ. ಕೊಡೋ ಫೋನು, ಕೊಡೋ ಅಂದೆ ಕತ್ತೆ. ಕರೆಗಳೆಲ್ಲ ಎಲ್ವಾನ್ ಮಾಡಿದ್ದು. ಕೆಳಗೆ ಬರೆದಿದ್ದಾಳೆ, ಅಪ್ಪ, ಇವತ್ತು ಪಂದ್ಯ ಇದೆಯಂತೆ, ರಸ್ತೆ ಮುಚ್ತಾರಂತೆ, ಈಗ್ಲೇ ಕರ್ಕೊಂಡು ಹೊರಡ್ತಾರೆ, ಎಲ್ಲಿದೀಯ, ಟೋಪಿ ಗೀಪಿ ಏನೂ ಬೇಡ, ಹೇಗಿದೀಯೋ ಹಾಗೇ ಓಡಿ ಬಾ.

ತೊಳಿ, ತೊಳಿ ಬೇಗ, ನೀರು ತಣ್ಣಗೋ ಬಿಸಿಯೋ ನೋಡ್ಬೇಡ, ಬೇಸಿನ್ನಿನಲ್ಲಿ ಕಪ್ಪು ನೀರು ಸುಳಿಯುತ್ತಿದೆ, ಎರಡು ಸಂದಿ ದಾಟಿದರೆ ಮನೆ, ಓಡಿದರೆ ಈಗಲೂ ಆಗುತ್ತದೆ, ಕೋಟು ಹಾಕಿಕೊಂಡೆ, ಒಂದು ತೋಳು ಹಾಕಿದ್ದೇನೆ, ಬಾಗಿಲ ಪಕ್ಕದ ಕನ್ನಡಿ — ಬದನೆಕಾಯಿ. ಹಿಂದೆ ಕಪ್ಪು, ಮುಂದೆ ಬದನೆಕಾಯಿ, ಬಿಳಿ ಎಳೆಗಳು ಬಣ್ಣ ಕುಡಿಯದೆ ಹಾಗೇ ನಿಂತು ಬದನೆಕಾಯಿಯ ಮೇಲೆ ಮುಳ್ಳು. ಹೇಳ್ದೆ ಅಲ್ವಾ ಅಣ್ಣ, ಹೋಗ್ಬಿಡು, ಯಾರು ನೋಡ್ತಾರೆ. ಎಲ್ಲರೂ ನೋಡುತ್ತಾರೆ, ಚಹಾದಂಗಡಿಯವರೆಲ್ಲ ಬೀದಿಯಲ್ಲಿ ಕುಣಿಯುತ್ತಿರುತ್ತಾರೆ, ಫೋಟೋದವನು ನೋಡುತ್ತಾನೆ, ಸೆಲಾಮಿ ನೋಡುತ್ತಾನೆ, ಬನ್ನಿ ನೆಜ್ದೆತ್ ಸಾಹೇಬ್ರೇ ಚೆನ್ನಾಗಿ ಕಾಣ್ತೀರ ಅನ್ನುತ್ತಾನೆ, ಅವಳು ಸಾಯುವವರೆಗೂ ಗೋಡೆಗೆ ಹಾಕಿಕೊಳ್ಳುವ ಫೋಟೋದಲ್ಲಿ ಈ ತಲೆ. ಡೋಲು ಹೊಡೆಯುತ್ತಲೇ ಇದೆ, ಹೊಡೆಯುತ್ತಿರುವವರೆಗೂ ಹೊತ್ತಿದೆ, ಗಂಡಿನ ಕಡೆಯವರು ಕುಣಿಯದೆ ಒಳಗೆ ಹೋಗುವುದಿಲ್ಲ, ತಡ ಮಾಡ್ತಾರೆ, ಯಾವಾಗಲೂ ಮಾಡ್ತಾರೆ — ಇದ್ರಿಸ್, ಇನ್ನೊಂದ್ಸಲ ಹಚ್ಚು, ದಪ್ಪಗೆ ಹಚ್ಚು, ಮುಂದೆ ಮಾತ್ರ. ಅಣ್ಣ, ಹುಡುಗಿ ಕಾಯ್ತಿರ್ತಾಳೆ. ಹಚ್ಚೋ ಅಂದೆ. ಕೂತೆ. ಮತ್ತೆ ಆ ಬಟ್ಟೆ, ಮತ್ತೆ ಪಿನ್ನು, ಮತ್ತೆ ಆ ವಾಸನೆ, ಬ್ರಷ್ಷು ಹಣೆಯ ಮೇಲೆ ತಣ್ಣಗೆ ಹೋಗಿ ಬಂದು ಹೋಗಿ ಬಂದು —

ಡೋಲು ನಿಂತಿತು.

ಬ್ರಷ್ಷೂ ನಿಂತಿತು, ಇದ್ರಿಸ್ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿಲ್ಲ, ನೆಲ ನೋಡುತ್ತಿದ್ದಾನೆ. ಪಟ್ಟಿ ಕಟ್ಟುವಾಗ ಡೋಲು ನಿಲ್ಲುತ್ತದೆ ಅಂತ ಈ ಊರಲ್ಲಿ ಯಾರಿಗೆ ಗೊತ್ತಿಲ್ಲ, ಒಳಗೆ ಹೆಂಗಸರು ಸುತ್ತ ನಿಂತಿರುತ್ತಾರೆ, ಅವಳು ಬಿಳಿ ಉಡುಪಿನಲ್ಲಿ ಬಾಗಿಲ ಕಡೆ ನೋಡುತ್ತಿರುತ್ತಾಳೆ, ಇನ್ನು ಕಾಯೋಕಾಗಲ್ಲ ಮಗಳೇ ಅನ್ನುತ್ತಾರೆ ಯಾರೋ, ಕೆಂಪು ಪಟ್ಟಿ ಒಂದು ಸುತ್ತು ಬರುತ್ತದೆ, ಬಿಚ್ಚುತ್ತದೆ, ಎರಡನೆಯ ಸುತ್ತು ಬರುತ್ತದೆ, ಬಿಚ್ಚುತ್ತದೆ, ಸೆಲಾಮಿಯ ಬೆರಳುಗಳು ಬೆಳ್ಳಗೆ, ಉಗುರು ಚೊಕ್ಕ, ಆತುರವಿಲ್ಲ, ಮೂರನೆಯ ಸುತ್ತು, ಕೆಂಪು ಪಟ್ಟಿಯ ಮೇಲೆ ಆ ಬಿಳಿ ಬೆರಳು, ಕೆಂಪು ಪಟ್ಟಿ, ಬಿಳಿ ಬೆರಳು, ಗಂಟು