ಏಟಿನ ಮುಯ್ಯಿ

ಮೊದಲ ಏಟು ಬಿದ್ದದ್ದು ಕಾಲೇಜಿನ ಗೇಟಿನಲ್ಲಿ, ಹಾಡುಹಗಲಲ್ಲಿ. ಚಿಕ್ಕಬೈರಪ್ಪ ಸೈಕಲ್ಲಿನಿಂದ ಇನ್ನೂ ಪೂರ್ತಿ ಇಳಿದಿರಲಿಲ್ಲ. ಎದುರಿಗೆ ಬಂದ ಮುನಿರಾಜು ಮಾತಿಲ್ಲ ಕತೆಯಿಲ್ಲ, ಕೆನ್ನೆಗೆ ಬಾರಿಸಿದ. ಸೈಕಲ್ಲು ಒಂದು ಕಡೆ ಬಿತ್ತು, ಹುಡುಗ ಒಂದು ಕಡೆ ಉರುಳಿದ.

"ಟೀಸಿ ಬೇಕೇನ್ಲಾ ನಿಂಗೆ? ಪ್ಯಾಟೆ ಕಾಲೇಜ್ಗೆ ಓಗ್ತೀಯಾ? ಎದ್ದು ಒಡಿ ನೋಡಾನ!"

ಬೈರಪ್ಪ ಎದ್ದ. ಬಾಯಿಗೆ ಸೇರಿದ್ದ ಮಣ್ಣನ್ನು ಉಗಿದ. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಇನ್ನೊಂದು ಬಿತ್ತು. ಆಗಲೂ ಕೈ ಬಿಚ್ಚಲಿಲ್ಲ.

ಇವನು ಕೈಲಾಗದವನು ಅಂದುಕೊಂಡೀರಿ. ಅಟ್ಟೂರಿನ ತೂಬಿನ ಲಕ್ಕಣ್ಣನ ಮಗ ಇವನು. ಕೆರೆ ತೂಬಿನ ನೀರಿನ ಜಗಳದಲ್ಲಿ ಒಬ್ಬನೇ ನಿಂತು ನಾಲ್ಕು ತಲೆ ಒಡೆದವನು ಲಕ್ಕಣ್ಣ; ಅಂದಿನಿಂದ ತೂಬು ಅವನ ಹೆಸರಿಗೇ ಅಂಟಿಕೊಂಡಿತ್ತು. ಮಗನೂ ಎತ್ತು ಕಟ್ಟಿ ಬಾವಿಯ ಕಪಿಲೆ ಹೊಡೆದು, ಗೊಬ್ಬರ ಹೊತ್ತು ಬೆಳೆದವನು. ರಾಗಿ ಮೂಟೆಯನ್ನು ಒಂಟಿ ತೋಳಲ್ಲಿ ಎತ್ತುತ್ತಿದ್ದ. ಮುನಿರಾಜುವಿನಂಥ ಇಬ್ಬರನ್ನು ಕಂಕುಳಲ್ಲಿ ಇರುಕಿಕೊಂಡು ಕೆರೆಗೆ ಎಸೆದು ಬರುವಷ್ಟು ಕಸುವಿತ್ತು. ಆದರೂ ಹೊಡೆಯಲಿಲ್ಲ. ಅದಕ್ಕೆ ಕಾರಣವಿತ್ತು.

ಅದು ಅರವತ್ತೊಂದರ ಬೇಸಿಗೆ. ಯಲಹಂಕ ದಾಟಿ ರಾಜಾನುಕುಂಟೆಗೆ ಹೋಗುವ ರಸ್ತೆಯ ಪಕ್ಕ, ಹಳೆಯ ಗೋದಾಮೊಂದರಲ್ಲಿ ಗ್ರಾಮೋದಯ ಕಾಲೇಜು ನಡೆಯುತ್ತಿತ್ತು. ಸುತ್ತಮುತ್ತಲ ಗೌಡರು ಸೇರಿ ಕಟ್ಟಿದ್ದು. ಆಸೆ ಒಳ್ಳೆಯದೇ, ಇಲ್ಲ ಅನ್ನಬಾರದು. ಆದರೆ ಬಿ.ಎಸ್ಸಿ. ಅಂತ ಬೋರ್ಡು ನೇತುಹಾಕಿದ ಮೇಲೆ ಪ್ರಯೋಗಶಾಲೆ ಅಂತ ಒಂದು ಬೇಕಲ್ಲ! ಅಲ್ಲಿದ್ದದ್ದು ಒಂದು ಸ್ಪಿರಿಟ್ ದೀಪ, ಬೀಗ ಜಡಿದ ಒಂದು ಗಾಜಿನ ಬೀರು. ಬ್ಯೂರೆಟ್ಟನ್ನು ಮೇಷ್ಟ್ರು ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಹುಡುಗರು ಅದನ್ನು ನೋಡಿ ಬರೆದುಕೊಂಡು ರಸಾಯನಶಾಸ್ತ್ರ ಕಲಿತೆವು ಅಂದುಕೊಳ್ಳುತ್ತಿದ್ದರು.

ಬೈರಪ್ಪನಿಗೆ ಅದೇ ಶಾಸ್ತ್ರದ ಹುಚ್ಚು. ಮೊದಲ ವರ್ಷದ ಪರೀಕ್ಷೆಯಲ್ಲಿ ಅವನಿಗೆ ಬಂದ ಅಂಕ ನೋಡಿ ಪ್ರಿನ್ಸಿಪಾಲರೇ ಬೆರಗಾದರು. ಮೈಸೂರು ಕಡೆಯ ಮೆತ್ತನೆಯ ಮನುಷ್ಯ. "ಯೂನಿವರ್ಸಿಟಿಯ ದೊಡ್ಡ ಕಾಲೇಜಿಗೆ ಅರ್ಜಿ ಹಾಕಪ್ಪ. ಎರಡನೇ ವರ್ಷಕ್ಕೆ ಬೇರೆ ಕಡೆಯಿಂದ ಬಂದವರನ್ನ ಸೇರಿಸ್ಕೋತಾರೆ. ಈ ವರ್ಷ ಬಿಟ್ರೆ ಆಮೇಲೆ ಆಗೋಲ್ಲ" ಅಂದರು. ಹೇಳಿದವರೇ ದನಿ ತಗ್ಗಿಸಿ ಮತ್ತೊಂದು ಮಾತು ಸೇರಿಸಿದರು: "ಟಿ.ಸಿ. ಯಾರೂ ತಡೆಯೋ ಹಾಗಿಲ್ಲ. ಆದ್ರೆ ಅದರ ಜೊತೆ ನಡತೆ ಪತ್ರ ಬೇಕು. ಹೊಡೆದಾಟದಲ್ಲಿ ನಿನ್ನ ಹೆಸರು ಬಂದ್ರೆ ಒಳ್ಳೇ ಮಾತು ಬರೆಯೋಕೆ ಅಧ್ಯಕ್ಷರು ನನ್ನ ಬಿಡಲ್ಲ. ಅದಿಲ್ದೆ ಆ ಕಾಲೇಜಿನ ಮೆಟ್ಟಿಲೂ ನಿನ್ನ ಹತ್ತಿಸಲ್ಲ. ಪತ್ರ ಕೈಗೆ ಬರೋವರೆಗೂ ಕೈ ಕಟ್ಕೊಂಡಿರು."

ಕಾಲೇಜು ಕಮಿಟಿಯ ಅಧ್ಯಕ್ಷ ವೆಂಕಟೇಶಪ್ಪನಿಗೆ ಈ ಸುದ್ದಿ ಮುಟ್ಟುವುದು ಎಷ್ಟು ಹೊತ್ತಿನ ಕೆಲಸ? ಕ್ಲಾಸಿಗೆ ಮೊದಲಿಗನೇ ಹೊರಟರೆ ಉಳಿದ ಬೆರಳೆಣಿಕೆಯ ಹುಡುಗರೂ ಹಿಂದೆಯೇ ಹೊರಡುತ್ತಾರೆ, ಬಿ.ಎಸ್ಸಿ. ಬೋರ್ಡು ಇಳಿಸಬೇಕಾಗುತ್ತದೆ, ಹತ್ತೂರಿನ ಮುಂದೆ ತನ್ನ ಮಾನ ಹೋಗುತ್ತದೆ. ಅವನು ಮಗನನ್ನು ಕರೆದು ಹೇಳಿದ: "ಅವ್ನು ತಿರುಗ್ಸಿ ಒಂದೇ ಒಂದ್ ಏಟು ಒಡೀಲಿ, ಸಾಕು. ಮಿಕ್ಕಿದ್ದು ನಾನ್ ನೋಡ್ಕತೀನಿ." ಆ ಮಗನೇ ಮುನಿರಾಜು. ಅಪ್ಪನ ಮಾತನ್ನು ಜನ್ಮದಲ್ಲಿ ಅದೊಂದು ಸಲ ಶ್ರದ್ಧೆಯಿಂದ ಪಾಲಿಸಿದ.

ಎರಡನೇ ಸಲ ಸಿಕ್ಕಿದ್ದು ಯಲಹಂಕದ ಸಂತೆಯಲ್ಲಿ. ಬೈರಪ್ಪ ಬದನೆಕಾಯಿ ಮಂಕರಿ ಇಳಿಸುತ್ತಿದ್ದ. ಮುನಿರಾಜು ಜೊತೆಗೆ ಇಬ್ಬರನ್ನು ಕರೆತಂದಿದ್ದ. ಮಂಕರಿಗೆ ಒದ್ದರು, ಬದನೆಕಾಯಿ ಜನರ ಕಾಲಡಿ ಉರುಳಿದವು. ಆಯ್ದುಕೊಳ್ಳಲು ಬಗ್ಗಿದವನ ಮುಖಕ್ಕೆ ಮುನಿರಾಜು ಮೊಣಕಾಲಿನಿಂದ ಗುದ್ದಿದ. ಮುಂದಿನ ಹಲ್ಲು ಮುರಿದು ನಾಲಿಗೆಯ ಮೇಲೆ ಬಿತ್ತು. ಬಿದ್ದವನ ಪಕ್ಕೆಗೆ ಮೂವರೂ ಸೇರಿ ಒದ್ದರು. ಪಕ್ಕೆಲುಬು ಲಟಕ್ಕೆಂದದ್ದು ಅವನಿಗೇ ಕೇಳಿಸಿತು. ಉಸಿರು ಒಳಕ್ಕೆ ಹೋಗದು, ಹೊರಕ್ಕೆ ಬಾರದು. ಮುನಿರಾಜುವಿನ ಕಾಲು ಅವನ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇತ್ತು. ಹಿಡಿದು ತಿರುಚಿದ್ದರೆ ಅವನು ಜನ್ಮಪೂರ್ತಿ ಕುಂಟಬೇಕಿತ್ತು. ಬೈರಪ್ಪನ ಬೆರಳು ಅತ್ತ ಹೋದದ್ದೂ ನಿಜ. ದೊಡ್ಡ ಕಾಲೇಜಿನ ಬಾಗಿಲು ನೆನಪಾಗಿ ಆ ಕೈಯನ್ನು ತನ್ನದೇ ಎದೆಯಡಿಗೆ ಹಾಕಿಕೊಂಡು ಬೋರಲು ಮಲಗಿದ. ಬೆನ್ನ ಮೇಲೆ ಇನ್ನಷ್ಟು ಬಿದ್ದವು.

ಸಂತೆಗೆ ಸಂತೆಯೇ ನಿಂತು ನೋಡಿತು. ಒಬ್ಬರೂ ಬಿಡಿಸಲಿಲ್ಲ. ಜನ ಕೆಟ್ಟವರು ಅಂತಲ್ಲ. ಆ ಸೀಮೆಯಲ್ಲಿ ಏಟಿಗೂ ಮುಯ್ಯಿ ಇತ್ತು. ನಮ್ಮ ಮನೆ ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೋ ಅವರ ಮನೆ ಮದುವೆಯಲ್ಲಿ ಅಷ್ಟನ್ನು ನಾವು ತೀರಿಸಬೇಕಲ್ಲ, ಏಟಿನ ಲೆಕ್ಕವೂ ಹಾಗೆಯೇ. ತಿಂದವನೇ ತಿರುಗಿ ಕೊಡಬೇಕು. ಅಪ್ಪ ಕೊಡುವಂತಿಲ್ಲ, ಅಣ್ಣತಮ್ಮಂದಿರು ಕೊಡುವಂತಿಲ್ಲ. ಕೊಟ್ಟರೆ 'ನಮ್ಮ ಹುಡುಗ ಗಂಡಸಲ್ಲ' ಅಂತ ಡಂಗುರ ಹೊಡೆಸಿದ ಹಾಗೆ. ಇಷ್ಟು ಕಸುವಿರುವ ಹುಡುಗ ಈಗ ಎದ್ದಾನು, ಇನ್ನೇನು ಎದ್ದಾನು ಅಂತ ಜನ ಕಾದರು. ಅವನು ಎದ್ದ, ಬದನೆಕಾಯಿ ಆಯ್ದುಕೊಂಡ. ಯಾರೋ ಥೂ ಎಂದು ಉಗಿದರು.

ಬಳೆ ಬಂದದ್ದು ಅದಾದ ಮೇಲೆ. ಒಂದು ಬೆಳಗ್ಗೆ ಲಕ್ಕಣ್ಣ ಬಾಗಿಲು ತೆಗೆದರೆ ಜಗಲಿಯ ಮೇಲೊಂದು ಮೊರ. ಅದರಲ್ಲಿ ಹಸಿರು ಬಳೆ, ಕುಂಕುಮ, ಒಂದು ರವಿಕೆ ಕಣ. ಯಾರು ಇಟ್ಟರು ಅಂತ ಕೇಳುವುದೇನಿದೆ, ಇಡೀ ಊರೇ ಇಟ್ಟಂತೆ. ನಾಲ್ಕು ತಲೆ ಒಡೆದವನ ಮನೆಯ ಮುಂದೆ ಬಳೆ! ಲಕ್ಕಣ್ಣ ಮೊರವನ್ನು ಗೋಡೆಗೆ ಎಸೆದು, ಹಟ್ಟಿಯ ಸೂರಿನಲ್ಲಿ ಸಿಕ್ಕಿಸಿದ್ದ ಬಾರುಕೋಲು ಎಳೆದುಕೊಂಡ. ಬೈರಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದ.

"ಇವತ್ತು ಓಗಿ ಅವ್ನ್ಗೆ ಒಡೀತೀಯೋ, ಇಲ್ವೋ?"

"ಇಲ್ಲಪ್ಪ. ಕಾಗದ ಕೈಗೆ ಬರ್ಲಿ."

ಬಾರು ಬೆನ್ನನ್ನು ಸುತ್ತಿಕೊಂಡಿತು. ಅಂಗಿ ಹರಿಯಿತು, ಅದರಡಿಯ ಚರ್ಮವೂ ಹರಿಯಿತು.

"ಒಡೀತೀಯೋ, ಇಲ್ವೋ?"

"ಒಡ್ಯಲ್ಲ."

ಎತ್ತಿಗೂ ಲಕ್ಕಣ್ಣ ಹಾಗೆ ಹೊಡೆದವನಲ್ಲ. ತೊಡೆಗೆ, ಭುಜಕ್ಕೆ, ಮುರಿದ ಪಕ್ಕೆಗೆ ಬಿದ್ದವು. ಹುಡುಗ ಗೋದಲಿಯ ಕಂಬ ಹಿಡಿದುಕೊಂಡು ನಿಂತ. ಅವನು ಕೂಗಲಿಲ್ಲ, ಕೂಗುತ್ತಿದ್ದವನು ಅಪ್ಪ: "ಮೈನಾಗೆ ಉಪ್ಪು ಕಾರ ಇಲ್ವೇನ್ಲಾ! ನನ್ಗಾದ್ರೂ ತಿರುಗ್ಸಿ ಒಡಿಯೋ! ಕೈ ಎತ್ತೋ, ಬೋಳಿಮಗನೇ!" ಬೈರಪ್ಪ ಅಪ್ಪನ ಕಡೆ ತಿರುಗಿದ್ದೇ ತಪ್ಪಾಯಿತು. ಬಾರು ಹುಬ್ಬಿನಿಂದ ದವಡೆಯವರೆಗೆ ಸೀಳಿಕೊಂಡು ಹೋಯಿತು. ಕಣ್ಣಿನೊಳಕ್ಕೆ ರಕ್ತ ಇಳಿಯಿತು.

ತಾಯಿ ಮುನಿವೆಂಕಟಮ್ಮ ಓಡಿ ಬಂದು ಬಾರುಕೋಲಿಗೆ ಅಡ್ಡ ಕೈಯೊಡ್ಡಿದಳು. ಅವಳ ಮುಂಗೈಯೂ ಒಡೆಯಿತು. "ಊರೆಲ್ಲಾ ಒಡ್ದಿದ್ದು ಸಾಲ್ದು ಅಂತ ನೀನೂ ಒಡೀತೀಯಾ? ಕೊಂದಾಕ್ಬಿಡು, ಆಮ್ಯಾಕೆ ಮೀಸೆ ತಿರುವ್ಕೊಂಡ್ ತಿರುಗು!" ಅಂದಳು. ಲಕ್ಕಣ್ಣ ಕೋಲು ಬಿಸಾಕಿ ಹೊಲದ ಕಡೆ ನಡೆದುಬಿಟ್ಟ. ಅಂದಿನಿಂದ ಅಪ್ಪ ಮಗನಿಗೆ ಮಾತು ನಿಂತಿತು.

ಪತ್ರ ತರುವ ದಿನ ಮುನಿರಾಜು ಸೈಕಲ್ ಚೈನು ಹಿಡಿದು ಕಾಲೇಜಿನ ಅಂಗಳದಲ್ಲೇ ಕಾದಿದ್ದ. ಅವನಿಗೂ ಅಷ್ಟರಲ್ಲಿ ದಿಗಿಲು ಹತ್ತಿತ್ತು. ಎಷ್ಟು ಹೊಡೆದರೂ ಹೊಡೆಯದವನನ್ನು ಏನು ಮಾಡುವುದು? "ನಿನ್ ಕಾಲಿಗೆ ಬೀಳ್ತೀನಿ, ಒಂದು ಒಡ್ಯೋ!" ಅಂತ ಕಿರುಚುತ್ತ ಚೈನು ಬೀಸಿದ. ಒಂದು ಭುಜಕ್ಕೆ, ಒಂದು ಕಿವಿಗೆ ಬಿತ್ತು. ಕಿವಿಯ ತುದಿ ಹರಿದು ನೇತಾಡಿತು. ಬೈರಪ್ಪ ನಡೆಯುತ್ತಲೇ ಇದ್ದ. ಮೂರನೆಯದು ಮೊಣಕಾಲಿನ ಹಿಂದಕ್ಕೆ ಬಿದ್ದಾಗ ಕುಸಿದ, ಮತ್ತೆ ಎದ್ದ. ಪ್ರಿನ್ಸಿಪಾಲರು ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದರು. ಹೊರಗೆ ಬರುವಷ್ಟು ಧೈರ್ಯ ಪಾಪ ಅವರಿಗಿರಲಿಲ್ಲ. ಹುಡುಗ ಒಳಗೆ ಬಂದು ಎದುರಿಗೆ ನಿಂತಾಗ ಮಾತ್ರ ಪೆನ್ನು ತೆಗೆದರು. 'ನಡತೆ' ಎಂಬಲ್ಲಿ 'ಅತ್ಯುತ್ತಮ' ಎಂದು ಬರೆದರು. "ಅಧ್ಯಕ್ಷರು ನನ್ನ ಕೆಲಸ ತೆಗೆದ್ರೆ ತೆಗೀಲಿ. ಹೋಗಪ್ಪ, ಬೇಗ ಹೋಗು" ಅಂದರು.

ಸೇರಿಸಿಕೊಳ್ಳುವ ದಿನ ತಂದೆಯೂ ಜೊತೆಗಿರಬೇಕೆಂದು ದೊಡ್ಡ ಕಾಲೇಜಿನಿಂದ ಸೂಚನೆ ಬಂದಿತ್ತು. ಲಕ್ಕಣ್ಣ ಬರುವುದಿಲ್ಲವೆಂದೇ ಬೈರಪ್ಪ ಅಂದುಕೊಂಡಿದ್ದ. ಒಳಗೆ ಮುನಿವೆಂಕಟಮ್ಮ ಏನು ಹೇಳಿದಳೋ ಯಾರಿಗೂ ಗೊತ್ತಿಲ್ಲ. ಲಕ್ಕಣ್ಣ ಕೋಟು, ರುಮಾಲು ಹಾಕಿಕೊಂಡು ಬಂದು ಬಸ್ಸು ಹತ್ತಿದ. ಹೆಬ್ಬಾಳ ದಾಟಿ ಪೇಟೆ ಸೇರುವವರೆಗೂ ಇಬ್ಬರೂ ಎರಡು ಬೇರೆ ಸೀಟುಗಳಲ್ಲಿ ಕೂತಿದ್ದರು.

ಕಲ್ಲಿನ ದೊಡ್ಡ ಕಟ್ಟಡ, ಎತ್ತರದ ಹಜಾರ. ಮೇಜಿನ ಹಿಂದೆ ಸೂಟು ತೊಟ್ಟ ಪ್ರೊಫೆಸರು. ಹಜಾರದ ತುಂಬ ಮಕ್ಕಳನ್ನು ಸೇರಿಸಲು ಬಂದ ತಂದೆಯರು. ಅವರಲ್ಲಿ ಜಕ್ಕೂರಿನ ಶಾನುಭೋಗರಿದ್ದರು, ಬಾಗಲೂರಿನ ರೇಷ್ಮೆ ವ್ಯಾಪಾರಿ ಹಬೀಬುಲ್ಲಾ ಇದ್ದ. ಇಬ್ಬರೂ ಲಕ್ಕಣ್ಣನನ್ನು ಬಲ್ಲವರೇ. ಇಬ್ಬರೂ ಕೈಯೆತ್ತಿ ನಮಸ್ಕಾರ ಮಾಡಿದರು. ತೂಬಿನ ಲಕ್ಕಣ್ಣನಿಗೆ ಆ ಮರ್ಯಾದೆ ಎಲ್ಲೆಡೆ ಸಲ್ಲುತ್ತಿತ್ತು; ಸುತ್ತೂರಿನ ನ್ಯಾಯ ಪಂಚಾಯ್ತಿಗೂ ಅವನನ್ನು ಕರೆದು ಕೂರಿಸುತ್ತಿದ್ದರು.

ಬೈರಪ್ಪನ ಸರದಿ ಬಂತು. ಪ್ರೊಫೆಸರು ಅಂಕಪಟ್ಟಿ ನೋಡಿ ಹುಬ್ಬೇರಿಸಿದರು, ಆಮೇಲೆ ನಡತೆ ಪತ್ರ ನೋಡಿದರು, ಕೊನೆಗೆ ತಲೆಯೆತ್ತಿ ಹುಡುಗನ ಮುಖ ನೋಡಿದರು. ಮುಚ್ಚಿಹೋದ ಕಣ್ಣು, ಹೊಲಿಗೆ ಹಾಕಿದ ಕಿವಿ, ಇಲ್ಲದ ಹಲ್ಲು, ಹುಬ್ಬಿನಿಂದ ದವಡೆಗೆ ಇಳಿದ ಬಾಸುಂಡೆ.

"ನಡತೆ ಅತ್ಯುತ್ತಮ!" ಅಂದು ನಕ್ಕರು. "ಈ ಮುಖ ಹೊತ್ಕೊಂಡು ಬಂದು ಈ ಕಾಗದ ಕೊಡ್ತೀಯಲ್ಲಪ್ಪ. ಎಷ್ಟು ಜನರ ಜೊತೆ ಬಡಿದಾಡಿದೀಯ?"

ತಿಂದ ಏಟುಗಳೇ ತನ್ನ ಮೇಲೆ ಚಾಡಿ ಹೇಳುತ್ತವೆಂದು ಬೈರಪ್ಪನಿಗೆ ಹೊಳೆದೇ ಇರಲಿಲ್ಲ. ಅಪ್ಪನ ಹೆಸರು ಎತ್ತಲು ಬಾಯಿ ಬರಲಿಲ್ಲ. "ಸೈಕಲ್ಲಿಂದ ಬಿದ್ದೆ ಸಾರ್" ಅಂದ.

"ಸೈಕಲ್ಲಿಂದ ಬಿದ್ರೆ ಚಾಟಿ ಏಟು ಮೂಡುತ್ತಾ? ಸುಳ್ಳು ಬೇರೆ. ಅಂಕ ಎಷ್ಟಿದ್ದರೇನು, ರೌಡಿಗಳಿಗೆ ಇಲ್ಲಿ ಜಾಗ ಇಲ್ಲ. ಮುಂದಿನವರು ಬರ್ಲಿ." ಅರ್ಜಿಯನ್ನು ಮೇಜಿನ ತುದಿಗೆ ತಳ್ಳಿದರು.

ಇಷ್ಟೆಲ್ಲ ತಿಂದದ್ದು ಈ ಒಂದು ಮಾತಿಗಾಗಿಯೇ? ಬೈರಪ್ಪ ಅರ್ಜಿ ಎತ್ತಿಕೊಳ್ಳಲು ಕೈ ಚಾಚಿದ. ಅಷ್ಟರಲ್ಲಿ ಹಿಂದಿನಿಂದ ಬಂದ ದಪ್ಪ ಕೈಯೊಂದು ಅರ್ಜಿಯನ್ನು ಮೇಜಿಗೆ ಒತ್ತಿ ಹಿಡಿಯಿತು.

"ಸೈಕಲ್ ಅಲ್ಲ ಸ್ವಾಮಿ. ನಾನು. ಬಾರ್ಕೋಲ್ನಾಗೆ ನಾನೇ ಒಡ್ದೆ" ಅಂದ ಲಕ್ಕಣ್ಣ.

"ನೀವು ಇವನ ತಂದೆಯೇನ್ರಿ? ಬೆಳೆದ ಮಗನಿಗೆ ಯಾಕ್ರಿ ಹೀಗೆ ಹೊಡೆದ್ರಿ?"

"ಇವ್ನು ಯಾರ್ಗೂ ಒಡೀಲಿಲ್ಲ ಅಂತ ಒಡ್ದೆ."

ಶಾನುಭೋಗರು ತಿರುಗಿದರು. ಹಬೀಬುಲ್ಲಾ ಕುರ್ಚಿಯಿಂದ ಅರ್ಧ ಎದ್ದ. ಲಕ್ಕಣ್ಣನಿಗೆ ಅವರಿಬ್ಬರೂ ಕಂಡರು, ಆದರೂ ದನಿ ತಗ್ಗಿಸಲಿಲ್ಲ.

"ಅಧ್ಯಕ್ಷನ್ ಮಗ ಗೇಟ್ನಾಗೆ ಒಡ್ದ. ಇವ್ನು ತಿಂದ. ಸಂತೇನಾಗೆ ಅಲ್ಲು ಮುರ್ದ್ರು, ಪಕ್ಕೆ ಮುರ್ದ್ರು. ತಿಂದ. ಚೈನ್ನಾಗೆ ಕಿವಿ ಅರ್ದ್ರು, ತಿಂದ. ನನ್ ಬಾಗ್ಲಿಗೆ ಬಳೆ ತಂದಿಟ್ರು ಸ್ವಾಮಿ, ತೂಬಿನ್ ಲಕ್ಕಣ್ಣನ್ ಬಾಗ್ಲಿಗೆ! ಆ ಉರಿ ತಡೀನಾರ್ದೆ ನಾನು ಒಡ್ದೆ. ಅದ್ನೂ ತಿಂದ. ನನ್ ಮಗ ಒಂದ್ ದಿನ ಒಬ್ರ ಮ್ಯಾಲೂ ಕೈ ಎತ್ಲಿಲ್ಲ."

ಹಜಾರದ ಕಡೆ ಕೈ ತೋರಿಸಿದ.

"ಇವ್ರೆಲ್ಲ ಕೇಳಿಸ್ಕೊಂಡವ್ರೆ. ಸಾಯಂಕಾಲದೊತ್ಗೆ ಊರೂರ್ಗೂ ಗೊತ್ತಾಯ್ತದೆ, ಲಕ್ಕಣ್ಣ ಪ್ಯಾಟೇನಾಗೆ ನಿಂತು ತನ್ ಮಗ ಏಟು ತಿಂದ ಅಂತ ತಾನೇ ಒಪ್ಕೊಂಡ ಅಂತ. ಇನ್ ನಾನು ಯಾವ್ ನ್ಯಾಯಕ್ಕೂ ಕುಂತ್ಕಳಂಗಿಲ್ಲ. ಇದಕ್ಕಿಂತ ದೊಡ್ ಸಾಕ್ಷಿ ನನ್ ತಾವ ಇಲ್ಲ. ಬರ್ಕಳಿ."

ಲಕ್ಕಣ್ಣ ಅರ್ಜಿಯ ಮೇಲಿಂದ ಕೈ ತೆಗೆದ. ಪ್ರೊಫೆಸರು ಅದನ್ನು ಎಳೆದುಕೊಂಡು ಸಹಿ ಮಾಡಿದರು.