ನಲವತ್ತು ವರ್ಷ ಮಲಗಿದ್ದ ಜಡ್ಡು

ಮೋರಖಂಡಿಯ ಆಮ್ರಪಾಲಿಗೆ ಉಣ್ಣಿ ಕಚ್ಚಿದ್ದು ತೊಗರಿ ಹೊಲದಲ್ಲೋ ಆಡಿನ ಮೈಯಿಂದಲೋ, ಅವಳಿಗೇ ತಿಳಿಯಲಿಲ್ಲ. ತೊಡೆಯ ಮೇಲೆ ಬಳೆಯಗಲದ ಕೆಂಪು ಉಂಗುರ ಎದ್ದಿತು. ಆಮೇಲೆ ಜ್ವರ, ಕೀಲುನೋವು. ಎರಡು ತಿಂಗಳು ಬಸವಕಲ್ಯಾಣಕ್ಕೆ ಅಲೆದರೂ ಇಳಿಯಲಿಲ್ಲ. ಕೊನೆಗೆ ಹುಮನಾಬಾದಿನ ಡಾಕ್ಟರಮ್ಮ ರಕ್ತವನ್ನು ಹೈದರಾಬಾದಿಗೆ ಕಳಿಸಿ, ಇದು ಉಣ್ಣಿ ಕಚ್ಚಿ ಬರುವ ಲೈಮ್ ಎಂಬ ರೋಗ, ಈ ಕಡೆ ಬಲು ಅಪರೂಪ ಎಂದು ಗುಳಿಗೆ ಬರೆದುಕೊಟ್ಟರು.

ವಾರದಲ್ಲೇ ಎಡಪಕ್ಕೆಯಲ್ಲಿ ಕೆಂಡ ಇಟ್ಟಂಥ ಉರಿ. ಬೆನ್ನಿನಿಂದ ಎದೆಯವರೆಗೆ ನೀರುಗುಳ್ಳೆಗಳ ಸಾಲು. ಮತ್ತೆ ಹುಮನಾಬಾದಿಗೆ ಹೋದಳು.

"ಸರ್ಪಸುತ್ತು," ಎಂದರು ಡಾಕ್ಟರಮ್ಮ. "ಸಣ್ಣಾಕಿದ್ದಾಗ ನಿಮಗ ಚಿಕನ್‌ಪಾಕ್ಸ್ ಬಂದಿತ್ತೇನ್ರಿ? ದೇವಿ ಅಂತಾರಲ್ಲ, ಅದು?"

"ಹೌದ್ರಿ. ಒಂಬತ್ತು ವರ್ಷದಾಕಿದ್ದೆ."

"ಅದೇ ಇದು. ಗುಳ್ಳಿ ಮಾಯ್ತಾವ, ವೈರಸ್ ಹೋಗಂಗಿಲ್ರಿ. ಬೆನ್ನಿನ ನರದಾಗ ಸುಮ್ಮನ ಮಲಗಿರ್ತದ. ಲೈಮ್ ಬಂದು ಮೈ ಸೋತದಲ್ಲ, ಅದಕ್ಕ ಎದ್ದಿರಬೇಕು."

"ಅಂದ್ರ ಆವತ್ತಿನದೇ? ಹೊಸಾದಲ್ಲ?"

"ಆವತ್ತಿನದೇ. ಮನ್ಯಾಗ ಕೂಸು ಇದ್ರ ಗುಳ್ಳಿ ಒಣಗೋತನಕ ಮುಟ್ಟಬ್ಯಾಡ್ರಿ. ಮೂರು ವಾರ ಅದರ ಮೈ ನೋಡಕೋತ ಇರ್ರಿ."

ಗುಳ್ಳೆ ಎದ್ದ ದಿನ ಮನೆಯಲ್ಲಿದ್ದ ಮೊಮ್ಮಗುವಿಗೆ ನೀರೆರೆದವಳು ಅವಳೇ.

ಬಸ್ಸಿನಲ್ಲಿ ಅವಳಿಗೆ ತಮ್ಮನ ಅಳು ಕೇಳಿಸತೊಡಗಿತು. ಆ ವರ್ಷ ಎಂಟು ತಿಂಗಳ ಧಮ್ಮಪಾಲ ಅದೇ ದೇವಿ ಬಂದು ತೀರಿಕೊಂಡಿದ್ದ. ಅವ್ವ ಕೂಲಿಗೆ ಹೋಗಿದ್ದಾಗ, ಮುಟ್ಟಬಾರದೆಂದು ಗೊತ್ತಿದ್ದೂ, ಅಳುತ್ತಿದ್ದ ಅವನನ್ನು, ಮೈತುಂಬ ಗುಳ್ಳೆ ಎದ್ದು ಮಲಗಿದ್ದ ಅವಳು ತನ್ನ ಕೌದಿಯೊಳಗೆ ಎಳೆದುಕೊಂಡಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಅವನನ್ನು ಕೊಂದ ಆ ಜಡ್ಡು ಅವಳ ಮದುವೆಯಲ್ಲಿ, ಹೆರಿಗೆಯಲ್ಲಿ, ನಿದ್ದೆಯಲ್ಲಿ, ಇಷ್ಟು ವರ್ಷ ಅವಳೊಳಗೇ ಇತ್ತು.

ಬಾಣಂತನಕ್ಕೆ ಬಂದಿದ್ದ ಮಗಳು ಪೂನಂ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. "ಹತ್ರ ಬರಬ್ಯಾಡ!" ಎಂದು ಕಿರುಚಿ ಆಮ್ರಪಾಲಿ ಹಿಂದಿನ ಕೋಣೆ ಸೇರಿ ಅಗಳಿ ಹಾಕಿಕೊಂಡಳು.

ದಿನಾ ಮುಂಜಾನೆ ಪೂನಂ ಬಾಗಿಲಾಚೆಯಿಂದ, "ಏನೂ ಇಲ್ಲವ್ವ, ಮೈ ಸಾಫ್ ಅದ," ಎನ್ನುತ್ತಿದ್ದಳು. ಆದರೂ ಆಮ್ರಪಾಲಿ, "ಕಿವಿ ಹಿಂದ ನೋಡಿದೇನು?" ಎಂದು ಕೇಳುತ್ತಿದ್ದಳು.

ಅವ್ವ ಸುಮನಬಾಯಿ ರೊಟ್ಟಿ ತಂದಿಟ್ಟು ಹೊಸ್ತಿಲಲ್ಲೇ ಕೂರುತ್ತಿದ್ದಳು. ಆರನೇ ದಿನ ಆಮ್ರಪಾಲಿ ಬಾಗಿಲ ಸಂದಿಯಿಂದ ಎಲ್ಲವನ್ನೂ ಹೇಳಿಬಿಟ್ಟಳು.

ಮುದುಕಿ ಬಾಗಿಲ ಸಂದಿಗೆ ಸರಿದು ಕೂತಳು.

"ನೀ ಎಳಕೊಳ್ಳೂದಕ್ಕ ಮೊದಲೇ ನಾ ಅವನ್ನ ನಿನ್ನ ಬಗಲಾಗ ಹಾಕಿ ಹೋಗಿದ್ದೆ. ಒಂದಲ್ಲ, ಮೂರು ದಿನ. ನೀ ನಿದ್ದ್ಯಾಗ ಇರ್ತಿದ್ದಿ. ಒಬ್ಬನ್ನೇ ಬಿಟ್ರ ಅಳತಾನಂತ."

"ಯಾಕ ಹೇಳಲಿಲ್ಲವ್ವ?"

"ನೀ ಯಾಕ ಹೇಳಲಿಲ್ಲ?"

ಮೂರು ವಾರ ಕಳೆದರೂ ಕೂಸಿಗೆ ಏನೂ ಆಗಲಿಲ್ಲ. ಗುಳ್ಳೆಗಳು ಒಣಗಿ ಉದುರಿದವು, ಲೈಮ್ ಜ್ವರವೂ ಇಳಿಯಿತು. ಆಮ್ರಪಾಲಿ ಹೊರಬಂದು ಮೊಮ್ಮಗುವನ್ನು ಎತ್ತಿಕೊಂಡಳು. ಪಕ್ಕೆಯ ಉರಿ ಮಾತ್ರ ಉಳಿಯಿತು.

ಒಂದು ಸಂಜೆ ಸುಮನಬಾಯಿ ಮೆಲ್ಲಗೆ ಕೇಳಿದಳು: "ನನಗೂ ಸಣ್ಣಾಕಿದ್ದಾಗ ದೇವಿ ಬಂದಿತ್ತು. ನನ್ನೊಳಗೂ ಮಲಗ್ಯಾದೇನ ಅದು?"

"ಇರಬಹುದವ್ವ. ಬೆನ್ನಿನ ನರದಾಗ ಮಲಗಿರ್ತದಂತ."

ಅಂದಿನಿಂದ ಮುದುಕಿ ಅಂಗಾತ ಮಲಗುವುದನ್ನು ಬಿಟ್ಟಳು.