ಮಂಚಕ್ಕೆ ಮೂರು ತಟ್ಟು

ಟರ್ಕಿಯ ಗಲಿಪೊಲಿ ರಣರಂಗದ ದಂಡೆಯಿಂದ ದೋಣಿಗಟ್ಟಲೆ ಗಾಯಾಳುಗಳು ಬರತೊಡಗಿ ಮೂರು ದಿನವಾಗಿತ್ತು. ಒಡಲಿಗೆ ಕೆಂಪು ಶಿಲುಬೆ ಬಳಿದ ಆ ಬಿಳಿ ಆಸ್ಪತ್ರೆ ಹಡಗಿನಲ್ಲಿ ನರ್ಸ್ ಹೆಸ್ಟರ್ ಲಾರಿಮರ್‌ಗೆ ತನ್ನ ಕಾಲು ಎಲ್ಲಿದೆ ಎಂದೇ ತಿಳಿಯದಷ್ಟು ದಣಿವು. ಹಾಗಿರುವಾಗ ಹದಿನೇಳನೇ ಮಂಚದ ಕೆಳಗೆ ಒಂದು ಜೊತೆ ಬೂಟು ಕಂಡರೆ ಸಿಟ್ಟು ಬರದೆ ಇನ್ನೇನು ಬಂದೀತು!

"ಹೊರಗೆ ಬಾರಯ್ಯಾ. ಕಳ್ಳ ಬೆಕ್ಕಿನ ಹಾಗೆ ಅಲ್ಲೇನು ಕೂತಿದ್ದೀಯ?"

ತೆವಳಿಕೊಂಡು ಬಂದವನು ಪರ್ಸಿ ಹ್ಯಾಲಿನನ್. ನ್ಯೂಜಿಲೆಂಡಿನ ಕಲ್ಲಿದ್ದಲ ಗಣಿಯವನು, ಈಗ ಸಿಪಾಯಿ. ಮೈಮೇಲೆ ಒಂದು ಗೀರೂ ಇಲ್ಲ. ಮಂಚದ ಮೇಲಿದ್ದವನು ಅವನ ಅಣ್ಣ ಕ್ಲೆಮ್. ಹೊಟ್ಟೆಗೆ ಗುಂಡು, ಕಣ್ಣಿಗೆ ಕಟ್ಟು. ಅಣ್ಣನನ್ನು ಹೊತ್ತು ತಂದ ತಮ್ಮ ಮತ್ತೆ ಇಳಿದೇ ಇರಲಿಲ್ಲ.

ಕ್ಲೆಮ್‌ನ ಬೆರಳ ಗೆಣ್ಣು ಮಂಚದ ಕಬ್ಬಿಣಕ್ಕೆ ಎರಡು ಸಲ ತಟ್ಟಿತು. ಪರ್ಸಿ ಕೂಡಲೇ ಮೂರು ತಟ್ಟಿದ. ಗಣಿ ಕುಸಿದಾಗ ಒಳಗೆ ಸಿಕ್ಕಿಕೊಂಡವರು ಕೊಳವೆಗೆ ಹೀಗೆ ತಟ್ಟುತ್ತಾರಂತೆ. ಎರಡೆಂದರೆ ಇದ್ದೀಯಾ, ಮೂರೆಂದರೆ ಇದ್ದೀನಿ.

"ದಮ್ಮಯ್ಯ ಸಿಸ್ಟರ್," ಪರ್ಸಿ ಪಿಸುಗುಟ್ಟಿದ. "ಇದು ನಿಂತ್ರೆ ಅವನು ಉಸಿರು ಬಿಟ್ಬಿಡ್ತಾನೆ."

ಯುದ್ಧದ ಕಾನೂನಿನಂತೆ, ಗಾಯವಿಲ್ಲದ ಒಬ್ಬನೇ ಒಬ್ಬ ಸಿಪಾಯಿ ಹಡಗಿನಲ್ಲಿದ್ದರೂ ಆ ಕೆಂಪು ಶಿಲುಬೆಗೆ ಬೆಲೆಯಿಲ್ಲ. ಶತ್ರು ಗುಂಡು ಹಾರಿಸಿದರೆ ಕೇಳುವವರಿಲ್ಲ. ಒಳಗೆ ನಾನೂರು ಜನ ಮಲಗಿದ್ದರು. ಈ ಕಾನೂನು ಮಾಡಿದವನ ಮನೆ ಹಾಳಾಗ, ಎಂದು ಹೆಸ್ಟರ್ ಮನಸ್ಸಿನಲ್ಲೇ ಶಪಿಸಿದಳು. ಆದರೆ ಕಾನೂನು ಸರಿಯಾಗಿಯೇ ಇತ್ತು, ಅದೇ ಸಂಕಟ.

ಅವಳು ಪರ್ಸಿಯ ಕಿವಿಯಲ್ಲಿ ಉಸುರಿದಳು. "ದಂಡೆಗೆ ಕೊನೇ ದೋಣಿ ಹೊರಡ್ತಾ ಇದೆ, ಇಳಿ. ತಟ್ಟೋದು ನಾನು ನೋಡ್ಕೋತೀನಿ."

"ನಿಮಗೆ ಬರುತ್ತಾ?"

"ಮೂರರವರೆಗೆ ಎಣಿಸೋಕೂ ಬರಲ್ವೇನೋ ನನಗೆ?"

ಪರ್ಸಿ ನಗಲು ಹೋಗಿ ಸೋತ. ಅಣ್ಣನಿಗೆ ಸದ್ದು ಕೇಳಬಾರದೆಂದು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಏಣಿಯತ್ತ ನಡೆದ.

ಹಡಗು ಹೊರಟಿತು. ಮಧ್ಯಾಹ್ನವಿಡೀ ಹೆಸ್ಟರ್ ಎಲ್ಲೇ ಇರಲಿ, ಎರಡು ತಟ್ಟು ಕೇಳಿದೊಡನೆ ಓಡಿಬಂದು ಮೂರು ತಟ್ಟಿದಳು. ಬೆರಳ ಚರ್ಮ ಸುಲಿಯಿತು.

"ತಾಯೀ," ಗಾಯಾಳುಗಳನ್ನು ನೋಡಿಕೊಳ್ಳುವ ಮುದುಕ ಗ್ವಿಲಿಮ್ ರೇಗಿದ. "ಅಲ್ಲಿ ಹನ್ನೊಂದು ಜನ ನೀರು ನೀರು ಅಂತಿದ್ದಾರೆ, ನೀವಿಲ್ಲಿ ಬಡಗಿ ಕೆಲಸ ಹಿಡ್ಕೊಂಡಿದ್ದೀರಲ್ಲ!"

ಅವಳು ತುಟಿಯ ಮೇಲೆ ಬೆರಳಿಟ್ಟು ಅವನನ್ನು ಅಟ್ಟಿದಳು. ಪರ್ಸಿಯ ಆ ಬರಿಗಾಲು ನೆನಪಾಗಿ ಮಂಚದ ಪಕ್ಕದಲ್ಲೇ ಅತ್ತುಬಿಟ್ಟಳು.

ಸಂಜೆಯ ಹೊತ್ತಿಗೆ ಹಡಗು ಸೇರಬೇಕಿದ್ದ ಲೆಮ್ನೋಸ್ ದ್ವೀಪದ ಗುಡ್ಡಗಳು ಕಂಡವು. ಕ್ಲೆಮ್ ಎರಡು ತಟ್ಟಿದ, ಅವಳು ಮೂರು ತಟ್ಟಿದಳು.

"ಸಾಕು ಬಿಡಿ ಸಿಸ್ಟರ್," ಎಂದ ಕ್ಲೆಮ್. "ಕೈ ನೋಯುತ್ತೆ."

ಹೆಸ್ಟರ್ ಮಂಚದಿಂದ ಕೈ ತೆಗೆದಳು.

"ನಮ್ಮ ಪರ್ಸಿ ಇಷ್ಟು ಹೊತ್ತು ಬಾಯಿ ಮುಚ್ಕೊಂಡಿರೋ ಆಸಾಮಿ ಅಲ್ಲ. ಅವನಿಲ್ಲ ಅಂತ ಹಡಗು ಹೊರಟಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ತಟ್ತಾನೇ ಇದ್ದೆ?"

"ನೀವು ಅಳ್ತಾ ಇದ್ರಲ್ಲ. ನಿಮಗೂ ಯಾರಾದ್ರೂ ಇದ್ದೀಯಾ ಅಂತ ಕೇಳ್ಲಿ ಅಂತ."

ಅವಳಿಗೆ ತಡೆಯಲಾಗಲಿಲ್ಲ. "ನಾನೇ ಕಣಪ್ಪಾ ಅವನನ್ನ ಇಳಿಸಿದ್ದು. ನಾನೇ ಕಳಿಸಿದ್ದು."

"ಹೂಂ." ತುಸು ಹೊತ್ತು ಅವನು ಉಸಿರಿಗಾಗಿ ಒದ್ದಾಡಿದ. "ಬದುಕ್ತಾನಾ ಅವನು?"

ಇಷ್ಟು ಹೊತ್ತೂ ಕೈಯಿಂದ ಸುಳ್ಳು ಹೇಳಿದ್ದಳು. ಈಗ ಬಾಯಿಂದ ಇನ್ನೊಂದು ಸುಳ್ಳು ಹೇಳಲು ಅವಳ ನಾಲಿಗೆ ಹೊರಳಲಿಲ್ಲ.

"ಗೊತ್ತಿಲ್ಲಪ್ಪ," ಎಂದಳು.

ಕ್ಲೆಮ್ ಮೆಲ್ಲಗೆ ತಲೆಯಾಡಿಸಿದ. ಆಮೇಲೆ ಅವನು ತಟ್ಟಲಿಲ್ಲ.